ಸನ್‌ಫಿಶ್‌ಗೆ ಜೊತೆ ಹುಡುಕುವಾಗ ಚಳಿಗಾಲದ ಶಾಂತಿಯನ್ನು ನಂಬಬೇಡಿ

ಅಮೆರಿಕದ ನಾರ್ತ್ ಕ್ಯಾರೊಲಿನಾದ ರಾಲಿ ಸುತ್ತಮುತ್ತ ಮನೆ, ಕ್ಲಿನಿಕ್, ಶಾಲೆಗಳ ಅಕ್ವೇರಿಯಂ ನೋಡಿಕೊಳ್ಳುವುದು ನನ್ನ ಕೆಲಸ. ಇಲ್ಲಿನ ಹಳ್ಳಕೊಳ್ಳಗಳ ಸನ್‌ಫಿಶ್ ಸಾಕುವವರು ಕಡಿಮೆ, ಸಾಕಿದವರು ಮಾತ್ರ ಬಿಡುವುದಿಲ್ಲ. ನಮ್ಮೂರಿನ ಕಡೆಯವರು ಮೊದಲ ಸಲ ನೋಡಿದಾಗ "ಇದು ಜಿಲೇಬಿ (ಟಿಲಾಪಿಯಾ) ಮೀನಲ್ವಾ?" ಅಂತ ಕೇಳುತ್ತಾರೆ. ಮೈಕಟ್ಟು ಹಾಗೇ ಇದೆ, ತಳದಲ್ಲಿ ಗುಂಡಿ ತೋಡುವ ಗಂಡಿನ ಅಭ್ಯಾಸವೂ ಹಾಗೇ. ಕುಲ ಮಾತ್ರ ಬೇರೆ. ಜಿಲೇಬಿ ಆಫ್ರಿಕಾದ್ದು, 1952ರಲ್ಲಿ ಭಾರತಕ್ಕೆ ತಂದದ್ದು. ಸನ್‌ಫಿಶ್ ಕುಟುಂಬದ ಮೂಲ ನೆಲೆ ಉತ್ತರ ಅಮೆರಿಕ ಒಂದೇ. ಜಿಲೇಬಿಯಲ್ಲಿ ತಾಯಿ ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಕಾಯುತ್ತದೆ. ಸನ್‌ಫಿಶ್‌ನಲ್ಲಿ ಕಾವಲು ಅಪ್ಪನದು, ಟ್ಯಾಂಕಿನ ಜಗಳಗಳಲ್ಲಿ ಹೆಚ್ಚಿನವು ಶುರುವಾಗುವುದೂ ಅವನಿಂದಲೇ.

ಡಿಸೆಂಬರಿನಲ್ಲಿ ತುಂಬಿಸಿದ ಟ್ಯಾಂಕ್ ಮಾರ್ಚ್‌ವರೆಗೂ ಜಗಳವಿಲ್ಲದೆ ತಣ್ಣಗಿರುತ್ತದೆ. ಹೀಟರ್ ಇಲ್ಲದೆ, ಕಿಟಕಿ ಬೆಳಕು ಬೀಳುವ ಕಡೆ ಇಟ್ಟ ಟ್ಯಾಂಕಾದರೆ ಹಗಲು ಉದ್ದವಾಗಿ ನೀರು 20 ಡಿಗ್ರಿ ದಾಟಿದ ಮೇಲೆ ಗಂಡಿನ ಬಣ್ಣ ಏರುತ್ತದೆ. ಬಾಲದಿಂದ ಮರಳು ಬೀಸಿ ತಟ್ಟೆಯಂಥ ಗುಂಡಿ ಮಾಡುತ್ತಾನೆ. ಅಲ್ಲಿಂದ ಮುಂದೆ ಹತ್ತಿರ ಬಂದವರೆಲ್ಲ ಅವನಿಗೆ ಮೊಟ್ಟೆಗಳ್ಳರು. ನಾಲ್ಕು ಅಡಿಯ ಟ್ಯಾಂಕಿನಲ್ಲಿ ಅರ್ಧ ಜಾಗ ಅವನದಾಗುತ್ತದೆ, ಉಳಿದವರಿಗೆ ಓಡಲು ಜಾಗ ಸಾಲುವುದಿಲ್ಲ. ಆದ್ದರಿಂದ ಯಾರು ಯಾರ ಜೊತೆ ಹೊಂದುತ್ತಾರೆ ಎಂದು ನಾನು ಲೆಕ್ಕ ಹಾಕುವುದು ಏಪ್ರಿಲ್, ಮೇ ತಿಂಗಳ ಗಂಡನ್ನು ಮನಸ್ಸಿನಲ್ಲಿಟ್ಟುಕೊಂಡು. ಜನವರಿಯಲ್ಲಿ ಎಲ್ಲರೂ ಒಟ್ಟಿಗೆ ತಿನ್ನುವುದನ್ನು ನೋಡಿ "ಇವು ಹೊಂದಿಕೊಂಡವು" ಎನ್ನುವುದು ಅವಸರದ ತೀರ್ಮಾನ.

"ಎರಡು ತಂದುಬಿಡೋಣ ಸಾರ್, ಒಂಟಿಯಾದರೆ ಪಾಪ" ಎನ್ನುವವರು ಬಹಳ. ಕಾಳಜಿಯಿಂದಲೇ ಹೇಳುತ್ತಾರೆ. ಆದರೆ ಬ್ಲೂಗಿಲ್, ಪಂಪ್‌ಕಿನ್‌ಸೀಡ್, ಲಾಂಗ್‌ಇಯರ್ ಇಂಥ ಸನ್‌ಫಿಶ್ ಜಾತಿಗಳಲ್ಲಿ ಎರಡು ಎನ್ನುವುದೇ ಅತಿ ಕೆಟ್ಟ ಸಂಖ್ಯೆ. ಬಲವಾದದ್ದು ಇನ್ನೊಂದನ್ನು ಮೂಲೆಗೆ ಒತ್ತುತ್ತದೆ, ಸೋತದ್ದು ರೆಕ್ಕೆ ಹರಿದುಕೊಂಡು ಫಿಲ್ಟರ್ ಹಿಂದೆ ಅವಿತು ಊಟ ಬಿಡುತ್ತದೆ. ಒಂದೇ ಇರಲಿ, ಅದು ಮನೆಯವರನ್ನು ಗುರುತಿಸಿ ಗಾಜಿಗೆ ಬರುವಷ್ಟು ಪಳಗುತ್ತದೆ. ಇಲ್ಲವಾದರೆ ಸುಮಾರು 280 ಲೀಟರಿನ ಟ್ಯಾಂಕಿಗೆ ಐದಾರು ಮರಿಗಳನ್ನು ಒಂದೇ ದಿನ ಬಿಡಿ, ಆಗ ಸಿಟ್ಟು ಒಬ್ಬರ ಮೇಲೇ ಬೀಳದೆ ಹಂಚಿಹೋಗುತ್ತದೆ. ದೊಡ್ಡವಾದ ಮೇಲೆ ಇವಕ್ಕೂ ಜಾಗ ಸಾಲದು, ಕೆಲವನ್ನು ಬೇರೆ ಮಾಡಬೇಕಾಗುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ. ನಡುವೆ ಹೊಸ ಮೀನು ಸೇರಿಸಲೇಬೇಕೆಂದರೆ ಕಲ್ಲು, ಮರದ ತುಂಡುಗಳ ಜಾಗ ಬದಲಿಸಿ, ದೀಪ ಆರಿಸಿ ಬಿಡುತ್ತೇನೆ. ಹಳಬರ ಗಡಿಗಳು ಅಳಿಸಿಹೋಗಿರುತ್ತವೆ.

ಇನ್ನು ಬಾಯಿ. ಸನ್‌ಫಿಶ್ ಬೇಟೆಯನ್ನು ನೀರಿನ ಸಮೇತ ಹೀರಿಕೊಳ್ಳುತ್ತದೆ, ಬಾಯಿಗೆ ಹಿಡಿಸುವ ಯಾವ ಮೀನೂ ಅದಕ್ಕೆ ಊಟವೇ. ಬ್ಲೂಗಿಲ್‌ನ ಬಾಯಿ ಚಿಕ್ಕದು. ಗ್ರೀನ್ ಸನ್‌ಫಿಶ್‌ನ ದವಡೆ ಕಣ್ಣಿನ ಕೆಳಗಿನವರೆಗೆ ಬರುತ್ತದೆ, ವಾರ್‌ಮೌತ್‌ನದು ಇನ್ನೂ ಅಗಲ. ಮರಿಯಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ, ಮೇಲಾಗಿ ಇವು ತಮ್ಮತಮ್ಮಲ್ಲೇ ಮಿಶ್ರತಳಿ ಆಗುತ್ತವೆ. ಹೆಸರಿಗಿಂತ ದವಡೆ ನೋಡುವುದು ಕ್ಷೇಮ. ಮಧ್ಯಮ ಗಾತ್ರದವಕ್ಕೆ ಚುರುಕಾಗಿ ಓಡಾಡುವ, ಅಷ್ಟೇ ಉದ್ದದ ಗೋಲ್ಡನ್ ಶೈನರ್ ಅಥವಾ ಕ್ರೀಕ್ ಚಬ್ ಒಳ್ಳೆಯ ಜೊತೆ. ಬುಲ್‌ಹೆಡ್ ಕ್ಯಾಟ್‌ಫಿಶ್ ಹಗಲು ಸಾಧು, ರಾತ್ರಿ ಮಲಗಿದ ಸಣ್ಣ ಮೀನನ್ನು ನುಂಗುತ್ತದೆ. ಪಂಪ್‌ಕಿನ್‌ಸೀಡ್ ಇರುವಲ್ಲಿ ಬಸವನಹುಳು ಸಾಕುವ ಆಸೆ ಬೇಡ, ಅದರ ಗಂಟಲ ಹಲ್ಲುಗಳು ಇರುವುದೇ ಚಿಪ್ಪು ಒಡೆಯುವುದಕ್ಕೆ.

ನನಗೆ ಹೆಚ್ಚು ಪ್ರೀತಿ ಬ್ಲೂಸ್ಪಾಟೆಡ್ ಸನ್‌ಫಿಶ್ ಮೇಲೆ. ಎಂಟು ಸೆಂಟಿಮೀಟರ್ ಆಸುಪಾಸಿನ ಮೀನು, ಕರಾವಳಿ ಬಯಲಿನ ಚಹಾ ಬಣ್ಣದ ನಿಂತ ನೀರಿನಲ್ಲಿ, ಗಿಡಗಳ ನಡುವೆ ಬದುಕುವಂಥದ್ದು. ಇಲ್ಲಿ ತೊಂದರೆ ತಿರುಗುಮುರುಗು, ಜೊತೆಗಾರರೇ ಇದನ್ನು ಕೆಡಿಸುತ್ತಾರೆ. ಇದು ತುತ್ತನ್ನು ನಿಂತು ನೋಡಿ, ಯೋಚಿಸಿ ತಿನ್ನುತ್ತದೆ. ಅಷ್ಟರಲ್ಲಿ ಶೈನರ್‌ಗಳ ಗುಂಪು ಎಲ್ಲ ಮುಗಿಸಿರುತ್ತದೆ. ಗ್ಯಾಂಬೂಸಿಯಾ ಸೊಳ್ಳೆಮೀನು ಚಿಕ್ಕದೆಂದು ಬಿಟ್ಟರೆ ರೆಕ್ಕೆ ಕಚ್ಚಿ ಗಾಯ ಮಾಡುತ್ತದೆ. ಡಾರ್ಟರ್ ಮೀನುಗಳು ಅಂದವಾಗಿವೆ, ಆದರೆ ಬಹುಪಾಲು ಹರಿಯುವ ತೊರೆಯವು. ನಿಂತ ನೀರಿನ ಸ್ವಾಂಪ್ ಡಾರ್ಟರ್ ಆದರೆ ಸರಿಹೊಂದುತ್ತದೆ. ಟ್ಯಾಡ್‌ಪೋಲ್ ಮ್ಯಾಡ್‌ಟಮ್ ಕೂಡ ಅದೇ ನೀರಿನದು, ಸಣ್ಣದು, ರಾತ್ರಿ ಓಡಾಡುವಂಥದ್ದು. ಊಟಕ್ಕೆ ಫ್ರೋಜನ್ ಬ್ಲಡ್‌ವರ್ಮ್ (ಕೆಂಪು ಹುಳು), ಜೀವಂತ ಡಾಫ್ನಿಯಾ (ನೀರಿನ ಪುಟ್ಟ ಜೀವಿ) ಕೊಡಿ, ಕಾಳಿನಂಥ ಒಣ ಆಹಾರವನ್ನು ಹಲವು ಮೀನುಗಳು ಮುಟ್ಟುವುದೇ ಇಲ್ಲ.

ಏಂಜಲ್‌ಫಿಶ್, ಡಿಸ್ಕಸ್ ಜೊತೆ ಇಡಬಹುದೇ ಎಂದು ಕೇಳುತ್ತಾರೆ. ಬೇಡ. ಅವಕ್ಕೆ ವರ್ಷವಿಡೀ ಬಿಸಿ ನೀರು ಬೇಕು, ಇವಕ್ಕೆ ಚಳಿಗಾಲದ ತಂಪು ಒಳ್ಳೆಯದು.

ಹಳ್ಳದಿಂದ ಹಿಡಿದು ತರುವವರು ಮೊದಲು ತಮ್ಮ ರಾಜ್ಯದ ಕಾನೂನು ನೋಡಬೇಕು. ಬ್ಲ್ಯಾಕ್‌ಬ್ಯಾಂಡೆಡ್ ಸನ್‌ಫಿಶ್ ಪಕ್ಕದ ವರ್ಜೀನಿಯಾದಲ್ಲಿ ಅಳಿವಿನಂಚಿನ ಪಟ್ಟಿಯಲ್ಲಿದೆ, ಅದನ್ನು ಮುಟ್ಟುವಂತಿಲ್ಲ. ತಂದ ಮೀನು ಕೆಲವು ವಾರ ಬೇರೆ ಟ್ಯಾಂಕಿನಲ್ಲಿರಲಿ. ಮೈಮೇಲೆ ಕರಿ ಚುಕ್ಕೆಗಳಿದ್ದರೆ ಗಾಬರಿ ಬೇಡ. ಅವು ಒಂದು ಪರೋಪಜೀವಿಯ ಗುರುತು. ಅದರ ಜೀವನಚಕ್ರಕ್ಕೆ ಬಸವನಹುಳುವೂ ಮೀನು ತಿನ್ನುವ ಹಕ್ಕಿಯೂ ಬೇಕು, ಟ್ಯಾಂಕಿನಲ್ಲಿ ಅದು ಮೀನಿನಿಂದ ಮೀನಿಗೆ ಹರಡುವುದಿಲ್ಲ.

ಹೊಂದಿಕೊಳ್ಳದ ಮೀನನ್ನು ಹೊರಗಿನ ನೀರಿಗೆ ಮಾತ್ರ ಬಿಡಬೇಡಿ. 1960ರಲ್ಲಿ ಆಗ ಜಪಾನಿನ ಯುವರಾಜರಾಗಿದ್ದ ಅಕಿಹಿತೊ ಅವರಿಗೆ ಶಿಕಾಗೊದಲ್ಲಿ ಉಡುಗೊರೆಯಾಗಿ ಸಿಕ್ಕ ಬ್ಲೂಗಿಲ್‌ಗಳು ಜಪಾನಿಗೆ ಹೋದವು. ಆಮೇಲೆ ಅಲ್ಲಿನ ಕೆರೆಗಳಲ್ಲಿ ಹರಡಿ ಸ್ಥಳೀಯ ಮೀನುಗಳಿಗೆ ಕುತ್ತಾದವು. 2007ರಲ್ಲಿ, ಚಕ್ರವರ್ತಿಯಾಗಿ, ಅವರೇ ಅದಕ್ಕೆ ನೋವು ತೋಡಿಕೊಂಡರು. ಅದಕ್ಕೇ ಟ್ಯಾಂಕ್ ಕೊಡಿಸುವಾಗಲೇ ಒಂದು ಗಾಜಿನ ಅಡ್ಡಗೋಡೆ ಮತ್ತು ಸ್ಪಾಂಜ್ ಫಿಲ್ಟರ್ ಹಾಕಿದ ಇನ್ನೊಂದು ಸಣ್ಣ ಟ್ಯಾಂಕನ್ನೂ ಪಟ್ಟಿಗೆ ಸೇರಿಸುತ್ತೇನೆ. ಗಂಡು ಗುಂಡಿ ತೋಡಲು ಶುರುಮಾಡಿದ ದಿನವೇ ಅವೆರಡೂ ಕೈಗೆ ಸಿಗಬೇಕು.