ರಂಗನ ಎಡಗಣ್ಣು ಕೊನೆಗೂ ತೆರೆಯಿತು

ಬ್ರಾಕೆಟ್ಟು. ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಗೋಸುಂಬೆ ಪಂಜರದ ದೀಪ ಹಿಡಿದಿಡುವ, ಹತ್ತು ಡಾಲರ್ ಬಾಳದ ಒಂದು ಬ್ರಾಕೆಟ್ಟು. ಅವಸರದಲ್ಲಿರುವವರು ಇಲ್ಲಿಗೇ ನಿಲ್ಲಿಸಿ ನಿಮ್ಮ ಪಂಜರದಲ್ಲಿ ದೀಪದ ಟ್ಯೂಬ್ ಎಲ್ಲಿ ಕೂತಿದೆ ಅಂತ ನೋಡಿಕೊಂಡು ಬನ್ನಿ. ಪುರುಸೊತ್ತಿದ್ದವರು ಮುಂದೆ ಓದಿ. ಈ ಸಲ ಬೈಗುಳ ಸ್ವಲ್ಪ ಜಾಸ್ತಿಯೇ ಇದೆ.

ಹೊಸದಾಗಿ ಬಂದವರಿಗೆ ಎರಡು ಮಾತು. ರಂಗ ನಮ್ಮನೆಯ ಗಂಡು ವೇಲ್ಡ್ ಕಮೀಲಿಯನ್, ಅಂದರೆ ಗೋಸುಂಬೆಯ ಒಂದು ಬಗೆ. ಜಾತಿಯ ಮೂಲ ಯೆಮೆನ್, ಸೌದಿ ಕಡೆಯದು. ಇವನು ಮೊಟ್ಟೆ ಒಡೆದದ್ದು ಇಲ್ಲೇ ಅಮೆರಿಕದಲ್ಲಿ, ಬ್ರೀಡರ್ ಒಬ್ಬರ ಮನೆಯಲ್ಲಿ. ನಾವಿರುವುದು ಅರಿಜೋನಾದ ಚಾಂಡ್ಲರ್‌ನಲ್ಲಿ. "ನಮ್ಮ ತೋಟದ ಬೇಲಿಯಲ್ಲೇ ಒಂದು ಗೋಸುಂಬೆ ಇದೆ, ಹಿಡಿದು ಸಾಕಲಾ?" ಅಂತ ಊರಿಂದ ಕೇಳುವವರಿಗೆ ಮತ್ತೊಮ್ಮೆ ಹೇಳುತ್ತೇನೆ: ಬೇಡ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಬೇಲಿಯ ಮೇಲೇ ನೋಡಿ ಖುಷಿಪಡಿ.

ಹೊಸ ಪಂಜರ ಜೋಡಿಸಿದ್ದು, ಫೈಕಸ್ ಗಿಡ ನೆಟ್ಟಿದ್ದು, ಕೆಳಗಿನ ಟ್ರೇ ಸೋರಿ ಕಾರ್ಪೆಟ್ ನೆಂದಿದ್ದು ಇವನ್ನೆಲ್ಲ ಬಿಡುತ್ತೇನೆ. ಎಲ್ಲರ ಮನೆಯ ಟ್ರೇಯೂ ಸೋರುತ್ತದೆ. ವಿಷಯ ಕಣ್ಣಿನದು.

ಹೊಸ ಪಂಜರಕ್ಕೆ ಹೋದ ಸ್ವಲ್ಪ ದಿನಕ್ಕೆ ರಂಗ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಎಡಗಣ್ಣು ಮುಚ್ಚಿ ಕೂರಲು ಶುರುಮಾಡಿದ. ಬಲಗಣ್ಣು ಆರಾಮಾಗಿ ಸುತ್ತುತ್ತಿತ್ತು. ಕಮೀಲಿಯನ್ ಸಾಕಿದವರಿಗೆ ಇದನ್ನು ನೋಡಿದರೆ ಹೊಟ್ಟೆಯಲ್ಲಿ ಏನಾಗುತ್ತದೆ ಅಂತ ಗೊತ್ತು. ಇವು ಹಗಲು ತೂಕಡಿಸುವ ಪ್ರಾಣಿಗಳಲ್ಲ. ಹಗಲು ಹೊತ್ತು ಕಣ್ಣು ಮುಚ್ಚಿದರೆ ಏನೋ ಕೆಟ್ಟಿದೆ ಅಂತಲೇ ಲೆಕ್ಕ.

ಹತ್ತಿರ ಹೋಗಿ ನೋಡಿದೆ. ಕಮೀಲಿಯನ್ನಿನ ರೆಪ್ಪೆ ಮೇಲೊಂದು ಕೆಳಗೊಂದು ಅಂತ ಬಿಡಿಯಾಗಿರುವುದಿಲ್ಲ. ಎರಡೂ ಸೇರಿ ಒಂದು ಗೋಪುರ, ಅದರ ತುದಿಯಲ್ಲಿ ಪಾಪೆಯಷ್ಟೇ ಅಗಲದ ಒಂದು ಕಿಂಡಿ. ಎಡಗಡೆಯ ಆ ಕಿಂಡಿ ಬರೀ ಗೆರೆಯಾಗಿತ್ತು. ಸುತ್ತಲ ಚರ್ಮ ಸ್ವಲ್ಪ ಕೆಂಪು, ಆದರೆ ಊತ ಇಲ್ಲ, ಕೀವು ಇಲ್ಲ. ಮಿಸ್ಟಿಂಗ್ (ನೀರಿನ ತುಂತುರು) ಶುರುವಾದ ಕೂಡಲೇ ಕಣ್ಣನ್ನು ಹೊರಗೆ ಉಬ್ಬಿಸಿ, ಒಳಗೆ ಎಳೆದುಕೊಂಡು, ಕೊನೆಗೆ ಫೈಕಸ್ ಕೊಂಬೆಗೆ ಗಸಗಸ ಉಜ್ಜಿದ. ಆಮೇಲೆ ಅರೆಗಳಿಗೆ ತೆರೆದ. ಮತ್ತೆ ಮುಚ್ಚಿದ.

ಒಂದೇ ಕಣ್ಣು. ನನ್ನನ್ನು ದಾರಿ ತಪ್ಪಿಸಿದ್ದು ಇದೇ. ನೀರು ಸಾಲದಿದ್ದರೆ ಎರಡೂ ಕಣ್ಣು ಗುಳಿ ಬೀಳುತ್ತವೆ. ಅವನ ಯೂರೇಟ್ (ಹಿಕ್ಕೆಯ ಜೊತೆ ಬರುವ ಗಟ್ಟಿ ಮೂತ್ರ) ಬೆಳ್ಳಗಿತ್ತು, ಕಿತ್ತಳೆ ಬಣ್ಣ ಇರಲಿಲ್ಲ. ವಿಟಮಿನ್ ಎ ಕೊರತೆ ಇದ್ದರೂ ಸಾಮಾನ್ಯವಾಗಿ ಎರಡು ಕಡೆಯೂ ಊತ ಬರುತ್ತದೆ. ಯುವಿಬಿ, ಅಂದರೆ ಮೂಳೆ ಗಟ್ಟಿಯಾಗಲೆಂದು ದೀಪದಿಂದ ಕೊಡುವ ಅತಿನೇರಳೆ ಕಿರಣ, ಜಾಸ್ತಿಯಾದರೆ? ಅದೂ ಎರಡೂ ಕಣ್ಣಿಗೆ ಅಂತಲೇ ನಾವೆಲ್ಲ ಪಾಠ ಒಪ್ಪಿಸುತ್ತೇವೆ. ಹಾಗಾದರೆ ಉಳಿದಿದ್ದು ಕಸ, ಪೊರೆಯ ಚೂರು ಅಥವಾ ಗಾಯ. ನಡೆಯಿರಿ ವೆಟ್ ಹತ್ತಿರ.

ಸರೀಸೃಪ ನೋಡುವ ವೆಟ್ ನಮ್ಮ ಕಡೆ ಇದ್ದಾರೆ ಅನ್ನುವುದೇ ಪುಣ್ಯ. ಕಣ್ಣಿಗೆ ಫ್ಲೋರೆಸೀನ್ ಅನ್ನುವ ಬಣ್ಣ ಹಾಕಿದರು. ಕಿತ್ತಳೆ ಬಣ್ಣದ ಕಾಗದದ ಪಟ್ಟಿ, ಗಾಯ ಇದ್ದರೆ ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ. ಏನೂ ಹೊಳೆಯಲಿಲ್ಲ. ಸಲೈನ್‌ನಲ್ಲಿ ತೊಳೆದರು. ಕಸವೂ ಬರಲಿಲ್ಲ. ದೀಪದ ವಿವರ ಕೇಳಿದರು: 24 ವ್ಯಾಟಿನ ಟಿ5 ಹೈ ಔಟ್‌ಪುಟ್, ಶೇ 6ರ ಯುವಿಬಿ ಟ್ಯೂಬ್, ಕೊಂಬೆಯ ಮೇಲೆ ಯುವಿಐ (ಅತಿನೇರಳೆ ಕಿರಣ ಎಷ್ಟು ಜೋರು ಅನ್ನುವ ಸೂಚ್ಯಂಕ) 3ರ ಆಸುಪಾಸು. "ಸಂಖ್ಯೆ ಸರಿ ಇದೆ" ಅಂದರು. ಸರಿಯೇ ಇತ್ತು. ಆ್ಯಂಟಿಬಯಾಟಿಕ್ ಡ್ರಾಪ್ಸ್ ಬರೆದುಕೊಟ್ಟು, ಮನೆಯಲ್ಲಿ ಸ್ಟೀರಾಯ್ಡ್ ಇರುವ ಕಣ್ಣಿನ ಹನಿ ಇದ್ದರೆ ಅಪ್ಪಿತಪ್ಪಿಯೂ ಮುಟ್ಟಬೇಡಿ ಅಂತ ಎಚ್ಚರಿಸಿದರು. ಕಾರ್ನಿಯಾದಲ್ಲಿ ಹುಣ್ಣಿದ್ದರೆ ಅದು ಇನ್ನೂ ಕೆಡಿಸುತ್ತದೆ.

ಗೋಪುರದಂಥ ಕಣ್ಣಿಗೆ ಹನಿ ಹಾಕುವುದು ಹೇಗೆ ಅಂತ ಯಾರಾದರೂ ಒಂದು ವಿಡಿಯೋ ಮಾಡಬೇಕು. ಬಾಟಲಿ ಕಂಡ ತಕ್ಷಣ ರಂಗ ಕಣ್ಣನ್ನು ತಲೆಯೊಳಕ್ಕೇ ಎಳೆದುಕೊಳ್ಳುತ್ತಿದ್ದ. ಜೊತೆಗೆ ಬುಸ್ ಅನ್ನುವುದು, ಬಾಯಿ ತೆರೆಯುವುದು, ಮೈಯೆಲ್ಲ ಕಪ್ಪು. ನನ್ನ ಹೆಂಡತಿ ಅವನನ್ನು ಹಿಡಿದುಕೊಂಡು, "ಇವನಿಗೆ ಸಿಟ್ಟು ಬಂದಿದೆಯೋ ನಿಮಗೋ?" ಅಂತ ಕೇಳಿದಳು. ಇಬ್ಬರಿಗೂ.

ಔಷಧಿ ಮುಗಿಯುವವರೆಗೆ ಅವನನ್ನು ಸಣ್ಣ ಆಸ್ಪತ್ರೆ ಡಬ್ಬಿಯಲ್ಲಿ ಇಟ್ಟಿದ್ದೆ. ಹಿಡಿಯಲು ಸುಲಭ ಅಂತ. ಕಣ್ಣು ತೆರೆಯಿತು! ಕೆಂಪು ಹೋಯಿತು, ಕೀಟಕ್ಕೆ ನಾಲಿಗೆ ಬೀಸುವ ಗುರಿಯೂ ಸರಿಯಾಯಿತು. ಹನಿಗೆ ಜೈ ಅಂದು ವಾಪಸ್ ಪಂಜರಕ್ಕೆ ಬಿಟ್ಟೆ. ಒಂದು ವಾರ ಕಳೆಯುವುದರೊಳಗೆ ಮತ್ತೆ ಅದೇ ಕಣ್ಣು, ಅದೇ ಹನ್ನೊಂದು ಗಂಟೆ.

ಆಗ ತಲೆ ಕೆಟ್ಟು ಪಂಜರದ ಒಂದೊಂದನ್ನೇ ಅನುಮಾನಿಸತೊಡಗಿದೆ. ಮೊದಲು ನೀರು. ಇಲ್ಲಿನ ನಲ್ಲಿ ನೀರು ಭಾರಿ ಗಡಸು. ಎಲೆಯ ಮೇಲೆ ಬಿಳಿ ಚುಕ್ಕೆ, ನಾಝಲ್ ಬಾಯಲ್ಲಿ ಸುಣ್ಣ. ಆ ಪುಡಿ ಕಣ್ಣಿಗೆ ಹೋಗುತ್ತಿದೆಯೇನೋ ಅಂತ ಆರ್‌ಓ ನೀರಿಗೆ ಬದಲಾಯಿಸಿದೆ. ನಾಝಲ್‌ಗಳನ್ನು ವಿನೆಗರ್‌ನಲ್ಲಿ ನೆನೆಹಾಕಿದೆ. ಅಡುಗೆಮನೆ ಉಪ್ಪಿನಕಾಯಿ ಭರಣಿಯ ವಾಸನೆ ಹೊಡೆಯಿತು, ನಾಝಲ್ ಮಾತ್ರ ಹೊಸದರಂತೆ ಸಿಡಿಯತೊಡಗಿತು. ಕಣ್ಣು ಹಾಗೇ ಇತ್ತು.

ಆಮೇಲೆ ಸಪ್ಲಿಮೆಂಟ್. ವಿಟಮಿನ್ ಡಿ3 ಇಲ್ಲದ ಕ್ಯಾಲ್ಸಿಯಂ ದಿನದ ಊಟಕ್ಕೆ, ರೆಟಿನಾಲ್ ರೂಪದ ವಿಟಮಿನ್ ಎ ಇರುವ ಮಲ್ಟಿವಿಟಮಿನ್ ತಿಂಗಳಿಗೆ ಎರಡು ಸಲ. ಡಬ್ಬಿ ತೆಗೆದು ಎಷ್ಟು ಕಾಲ ಆಯಿತು ಅಂತ ನೋಡಿ, ಅನುಮಾನಕ್ಕೆ ಹೊಸದು ತಂದೆ. ಕಣ್ಣು ಮುಚ್ಚಿದೆ ಅಂತ ವಿಟಮಿನ್ ಎ ಸುರಿಯುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಅದು ಕೊಬ್ಬಿನಲ್ಲಿ ಕೂರುವ ವಿಟಮಿನ್, ಜಾಸ್ತಿಯಾದರೆ ವಿಷ.

ಊಟದ ಮಾತು ಬಂದಿದ್ದಕ್ಕೆ ಹೇಳಿಬಿಡುತ್ತೇನೆ. ಕ್ರಿಕೆಟ್ ಹುಳು ಕಳಿಸುವ ನಮ್ಮ ಮಹಾನುಭಾವರು ಈ ಬೇಸಿಗೆಯೂ ಒಂದು ಪೆಟ್ಟಿಗೆ ಹೆಣ ಕಳಿಸಿದರು. "ಜೀವಂತ ತಲುಪುವ ಗ್ಯಾರಂಟಿ" ಅಂತ ದಪ್ಪಕ್ಷರ. ಕೆಳಗೆ ಸಾಸಿವೆಯಷ್ಟು ಅಕ್ಷರದಲ್ಲಿ, ತಾಪಮಾನ ನೂರು ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಗ್ಯಾರಂಟಿ ಇಲ್ಲ ಅಂತ. ಸ್ವಾಮಿ, ಇದು ಫೀನಿಕ್ಸ್ ಸೀಮೆ. ಇಲ್ಲಿ ಜೂನ್‌ನಿಂದ ನೂರು ಡಿಗ್ರಿ ಅಂದರೆ ಬೆಳಗಿನ ತಂಪು.

ಅದಕ್ಕೇ ಮುಂದಿನ ಯೋಜನೆ ರೇಷ್ಮೆ ಹುಳು. ನಗಬೇಡಿ. ಮೆತ್ತಗಿನ ಮೈ, ತುಂಬ ನೀರಿನಂಶ, ಕಚ್ಚುವುದಿಲ್ಲ, ಓಡಿಹೋಗಿ ಸೋಫಾ ಕೆಳಗೆ ಹಾಡುವುದೂ ಇಲ್ಲ. ಕಮೀಲಿಯನ್‌ಗೆ ಇದಕ್ಕಿಂತ ಒಳ್ಳೆ ಊಟ ಕಡಿಮೆ. ಹಿತ್ತಲಲ್ಲಿ ಹಿಪ್ಪುನೇರಳೆ ಕಡ್ಡಿ ನೆಟ್ಟಾಗಿದೆ, ಚಿಗುರೂ ಬಂದಿದೆ. ಅಮ್ಮನ ತವರು ಚನ್ನಪಟ್ಟಣದ ಕಡೆ. ಫೋನಿನಲ್ಲಿ ಕೇಳಿದರೆ ಚಾಕಿ ಹುಳುವಿಗೆ (ಮರಿ ಹುಳು) ಎಳೆ ಸೊಪ್ಪು ಸಣ್ಣಗೆ ಹೆಚ್ಚಿ ಹಾಕು, ಜ್ವರಕ್ಕೆ ಕೂತಾಗ (ಪೊರೆ ಬಿಡುವ ಹೊತ್ತು) ಸೊಪ್ಪು ಹಾಕಬೇಡ, ಒದ್ದೆ ಸೊಪ್ಪಂತೂ ಹತ್ತಿರಕ್ಕೂ ತರಬೇಡ ಅಂತ ಪಾಠ ಶುರುಮಾಡಿದರು. ನಾಲ್ಕು ಜ್ವರ ದಾಟಿಸಿ ಹಣ್ಣು ಹುಳು (ಗೂಡು ಕಟ್ಟಲು ಸಿದ್ಧವಾದದ್ದು) ಮಾಡಿದರೆ ಏನು ಮಾಡುತ್ತೀಯ, ಗೂಡು ಕಟ್ಟಿಸುವ ಚಂದ್ರಿಕೆ ಕಳಿಸಲಾ ಅಂತಲೂ ಕೇಳಿದರು. ಹಣ್ಣಾಗುವ ಮೊದಲೇ ಗೋಸುಂಬೆಗೆ ಹಾಕುತ್ತೇನಮ್ಮ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಪಾಪ, ಸೊಪ್ಪು ತಿನ್ನಿಸಿ ಸಾಕಿದ್ದನ್ನ..." ಅಂದರು. ಗೂಡಿಗೆ ಬಿಸಿನೀರು ಹಾಕುವ ಸೀಮೆಯವರು!

ಸರಿ, ಕಣ್ಣಿಗೆ ಬರೋಣ.

ಮೊದಲ ಸುಳಿವು ಸಿಕ್ಕಿದ್ದು ದಾಸವಾಳದ ಕುಂಡದಿಂದ. ಬೆಳಿಗ್ಗೆ ಬಿಸಿಲು ಏರುವ ಮುಂಚೆ ಅವನನ್ನು ಹೊರಗಿನ ದಾಸವಾಳದ ಮೇಲೆ ಬಿಡುತ್ತೇನೆ, ಎಲೆ ತಿನ್ನುತ್ತಾನೆ. ಕಣ್ಣು ಮುಚ್ಚಿದ್ದ ದಿನವೂ ಅಲ್ಲಿಗೆ ಹೋದ ಸ್ವಲ್ಪ ಹೊತ್ತಿಗೆ ಮೆಲ್ಲಗೆ ತೆರೆಯುತ್ತಿದ್ದ. ಸೋಂಕಾಗಿದ್ದರೆ ಜಾಗ ಬದಲಾಯಿಸಿದ್ದಕ್ಕೆ ತೆರೆಯುತ್ತಿತ್ತೇ? ಆಸ್ಪತ್ರೆ ಡಬ್ಬಿಯಲ್ಲೂ ತೆರೆದಿದ್ದ. ಎರಡೂ ಕಡೆ ಇಲ್ಲದ್ದು ಒಂದೇ: ಪಂಜರದ ಟ್ಯೂಬ್.

ಎರಡನೆಯದು ಫೋನಿನ ಟೈಮ್‌ಲ್ಯಾಪ್ಸ್. ಪಂಜರದ ಮುಂದೆ ಇಟ್ಟು ಆಫೀಸ್ ಕೆಲಸಕ್ಕೆ ಕೂತೆ. ಸಂಜೆ ಓಡಿಸಿ ನೋಡಿದರೆ ನಮ್ಮ ರಂಗ ಬೆಳಗಿನಿಂದ ಒಂದೇ ದಿಕ್ಕಿಗೆ ಮುಖ ಮಾಡಿ ಕೂತಿದ್ದಾನೆ. ಕಿಟಕಿಯಾಚೆ ಹಮ್ಮಿಂಗ್‌ಬರ್ಡ್‌ಗೆ ಸಕ್ಕರೆ ನೀರಿನ ಬುಡ್ಡಿ ತೂಗುಹಾಕಿದ್ದೇವೆ, ಅದನ್ನು ನೋಡಿಕೊಂಡು. ಬಲಗಡೆ ಗಿಡ. ಎಡಗಡೆ ಪಂಜರದ ಗೋಡೆ, ಗೋಡೆಗೆ ಬ್ರಾಕೆಟ್ಟು, ಬ್ರಾಕೆಟ್ಟಿನಲ್ಲಿ ಟ್ಯೂಬ್.

ಈ ಬ್ರಾಕೆಟ್ಟು ಪಂಜರದ ಜೊತೆಗೇ ಬಂದಿದ್ದು. ಮಾರಿದವರ ಹೆಮ್ಮೆಯ ಹೊಸ ವಿನ್ಯಾಸ. ಟ್ಯೂಬ್ ಮೇಲಿನ ಜಾಲರಿಯ ಮೇಲೆ ಕೂರುವುದಿಲ್ಲ. ಒಳಗೆ, ಪಕ್ಕದ ಗೋಡೆಯಲ್ಲಿ, ಛಾವಣಿಗಿಂತ ಕೆಳಗೆ ಓರೆಯಾಗಿ ಕೂರುತ್ತದೆ. "ಜಾಲರಿ ಯುವಿಬಿ ತಿನ್ನುವುದಿಲ್ಲ, ಬೆಳಕು ಕೆಳಗಿನ ಕೊಂಬೆಗಳಿಗೂ ತಲುಪುತ್ತದೆ" ಅಂತ ಕಾಗದದಲ್ಲಿ ಬರೆದಿದ್ದಾರೆ. ಎರಡೂ ನಿಜ. ಜಾಲರಿ ಮೂರನೇ ಒಂದು ಭಾಗದಷ್ಟು ಯುವಿಬಿಯನ್ನು ತಡೆಯಬಲ್ಲದು.

ಯುವಿಐ ಅಳೆಯುವ ಸೋಲಾರ್‌ಮೀಟರ್ 6.5 ತೆಗೆದೆ. ಬೆನ್ನಿನ ಮೇಲೆ ಎಷ್ಟು ಬೀಳುತ್ತದೆ ಅಂತ ತಿಳಿಯಲು ಮೀಟರಿನ ಮೂತಿಯನ್ನು ನೆಟ್ಟಗೆ ಮೇಲಕ್ಕೆ ಹಿಡಿಯುತ್ತೇವೆ ಅಲ್ವಾ? ಹಾಗೆ ಹಿಡಿದರೆ 3.1. ಪುಸ್ತಕದ ಸಂಖ್ಯೆ, ವೆಟ್ ಮೆಚ್ಚಿದ ಸಂಖ್ಯೆ. ಈಗ ರಂಗನ ಎಡಗಣ್ಣು ಇರುವ ಜಾಗದಲ್ಲೇ ಮೀಟರ್ ಇಟ್ಟು, ಆ ಕಣ್ಣು ನೋಡುವ ದಿಕ್ಕಿಗೆ ಅಡ್ಡ ತಿರುಗಿಸಿದೆ.

5.4.

ಬಲಗಡೆಗೆ ತಿರುಗಿಸಿದರೆ ಸೊನ್ನೆಯ ಹತ್ತಿರ.

ಕೂಡಲೇ ಹೊರಗೆ ಹೋಗಿ ಮಧ್ಯಾಹ್ನದ ಬಿಸಿಲಲ್ಲಿ ಅದನ್ನೇ ಮಾಡಿ ನೋಡಿದೆ. ಮೇಲಕ್ಕೆ ಹಿಡಿದಾಗ ಬಂದ ಸಂಖ್ಯೆಯ ಅರ್ಧವೂ ಅಡ್ಡ ಹಿಡಿದಾಗ ಬರಲಿಲ್ಲ. ಸೂರ್ಯ ನೆತ್ತಿಯ ಮೇಲಿರುತ್ತಾನೆ. ಯುವಿಬಿ ಜೋರಾಗಿರುವ ಹೊತ್ತಲ್ಲಿ ಅದು ಬೀಳುವುದು ಬೆನ್ನಿಗೆ, ನೆತ್ತಿಗೆ. ಕಣ್ಣಿನ ಮೇಲಿನ ಹುಬ್ಬಿನ ಏಣು, ರೆಪ್ಪೆಯ ಗೋಪುರ ಎರಡೂ ಮೇಲಿಂದ ಬರುವ ಬೆಳಕಿಗೆ ನೆರಳು ಹಿಡಿಯಲೆಂದೇ ಇರುವಂತಿವೆ. ಪಕ್ಕದಿಂದ ಬಂದರೆ ಅಡ್ಡ ಏನಿದೆ? ಕಿಂಡಿಯ ಮೂಲಕ ನೇರ ಒಳಕ್ಕೆ. ಬೆನ್ನಿಗೆ 3 ಸಿಗುವಂತೆ ಓರೆ ಟ್ಯೂಬನ್ನು ಹೊಂದಿಸಿದರೆ ಕಣ್ಣಿಗೆ ಅದಕ್ಕಿಂತ ಜಾಸ್ತಿ ಬಿದ್ದೇ ಬೀಳುತ್ತದೆ. ಟ್ಯೂಬ್ ಎಷ್ಟು ಕೆಳಗೆ ಇಳಿದರೆ ಅಷ್ಟು ಕೆಟ್ಟದು. ಪಾಪ, ಹಮ್ಮಿಂಗ್‌ಬರ್ಡ್ ನೋಡುತ್ತ ಕೂತವನ ಒಂದು ಕಣ್ಣಿಗೆ ಇಡೀ ಬೆಳಿಗ್ಗೆ ಇದೇ ಏಟು.

ಬ್ರಾಕೆಟ್ಟು ಕಿತ್ತೆ. ವೆಟ್‌ಗೆ ಫೋನ್ ಮಾಡಿದಾಗ ಕೆಲವು ದಿನ ಯುವಿಬಿ ಆರಿಸಿಯೇ ಇಡಿ, ಅಷ್ಟಕ್ಕೆ ಮೂಳೆಗೆ ಏನೂ ಆಗುವುದಿಲ್ಲ ಅಂದರು. ಆರಿಸಿಟ್ಟೆ. ಬಾಸ್ಕಿಂಗ್ ಬಲ್ಬು (ಮೈ ಕಾಯಿಸಿಕೊಳ್ಳುವ ಬಿಸಿ ದೀಪ), ಗಿಡದ ಎಲ್‌ಇಡಿ ಎರಡೂ ಮೊದಲಿನಂತೆ ಹನ್ನೆರಡು ಗಂಟೆ ಉರಿದವು. ಅಷ್ಟರಲ್ಲಿ ಮಾಮೂಲಿ ರಿಫ್ಲೆಕ್ಟರ್ ಇರುವ ಫಿಕ್ಸ್‌ಚರ್ ತಂದು ಅದೇ ಟ್ಯೂಬನ್ನು ಮೇಲಿನ ಜಾಲರಿಯ ಮೇಲೆ, ಬಾಸ್ಕಿಂಗ್ ಡೋಮಿನ ಪಕ್ಕಕ್ಕೇ ಮಲಗಿಸಿದೆ. ಬಿಸಿಲು ಕಾಯುವ ಜಾಗದಲ್ಲೇ ಯುವಿಬಿಯೂ ಸಿಗಬೇಕು, ಎರಡನ್ನೂ ಬೇರೆ ಬೇರೆ ಮೂಲೆಗೆ ಇಡಬೇಡಿ. ಕೊಂಬೆಯನ್ನು ಮೇಲೆ ಕೆಳಗೆ ಸರಿಸಿ ಸರಿಸಿ, ಜಾಲರಿಯಿಂದ ಒಂಬತ್ತು ಇಂಚು ಕೆಳಗೆ ನಿಲ್ಲಿಸಿದಾಗ ಮೇಲಕ್ಕೆ 3.0, ಎಡಕ್ಕೆ 1ರೊಳಗೆ, ಬಲಕ್ಕೂ 1ರೊಳಗೆ. ಬಾಸ್ಕಿಂಗ್ 85 ಡಿಗ್ರಿ ಫ್ಯಾರನ್‌ಹೀಟ್. ಕೆಳಗಿನ ಕೊಂಬೆಗಳಲ್ಲಿ ಯುವಿಐ ಕಡಿಮೆಯಾಯಿತು ನಿಜ. ಆಗಲಿ ಬಿಡಿ, ಬೇಡ ಅನ್ನಿಸಿದಾಗ ಇಳಿದು ಹೋಗಲು ಅವನಿಗೂ ಒಂದು ಜಾಗ ಬೇಕಲ್ಲ.

ಕೆಂಪು ಹೋಗಿದೆ. ಹನ್ನೊಂದು ಗಂಟೆಗೆ ಎರಡು ಕಣ್ಣೂ ಎರಡು ದಿಕ್ಕಿಗೆ ಸುತ್ತುತ್ತಿವೆ, ಒಂದು ಹಮ್ಮಿಂಗ್‌ಬರ್ಡ್ ಮೇಲೆ, ಇನ್ನೊಂದು ನನ್ನ ಕೈಯಲ್ಲಿ ಹನಿ ಬಾಟಲಿ ಇದೆಯೋ ಅಂತ. ಟ್ಯೂಬ್ ಮತ್ತೆ ಹಚ್ಚಿದ ಮೇಲೂ ಮುಚ್ಚಿಲ್ಲ. ವೆಟ್ ಇನ್ನೊಮ್ಮೆ ಬಣ್ಣ ಹಾಕಿ ನೋಡಿ ಸರಿ ಇದೆ ಅಂದಿದ್ದಾರೆ.

ಪಂಜರ ಮಾರಿದವರಿಗೆ ಫೋಟೋ, ಮೀಟರ್ ಸಂಖ್ಯೆ ಎಲ್ಲ ಸೇರಿಸಿ ಉದ್ದನೆಯ ಪತ್ರ ಬರೆದೆ. ಉತ್ತರ ಬಂತು. ನಿಮ್ಮ ಪ್ರಾಣಿಯನ್ನು ಬೇರೆ ದಿಕ್ಕಿಗೆ ಕೂರಿಸಿ ನೋಡಿದಿರಾ ಅಂತ ಕೇಳಿದ್ದಾರೆ. ಗಂಡು ವೇಲ್ಡ್‌ಗೆ ಎಲ್ಲಿ ಕೂರಬೇಕು ಅಂತ ಹೇಳುವ ಧೈರ್ಯ ಇರುವವರು ಈ ಕೆಲಸ ಬಿಟ್ಟು ಸರ್ಕಸ್ ಸೇರಬಹುದು.

ನಿಮ್ಮಲ್ಲಿ ಯಾರ ಹತ್ತಿರವಾದರೂ ಟ್ಯೂಬ್ ಒಳಗೆ ಪಕ್ಕದಲ್ಲಿ ಕೂರುವ ಪಂಜರ ಇದ್ದರೆ, ಸುಮ್ನೆ ಮೀಟರನ್ನು ಕಣ್ಣಿನ ಮಟ್ಟದಲ್ಲಿ ಅಡ್ಡ ಹಿಡಿದು ನೋಡಿ ಬಂದ ಸಂಖ್ಯೆ ತಿಳಿಸಿ. ಟ್ಯೂಬ್ ಶೇಕಡಾ ಎಷ್ಟರದ್ದು, ಕೊಂಬೆಗೆ ಎಷ್ಟು ಇಂಚು, ಪ್ರಾಣಿ ಯಾವ ಕಡೆಗೆ ಮುಖ ಮಾಡಿ ಕೂರುತ್ತದೆ ಅನ್ನುವುದನ್ನೂ ಬರೆಯಿರಿ. ಮೀಟರ್ ಇಲ್ಲದವರು ಮೊದಲು ಟ್ಯೂಬನ್ನು ಜಾಲರಿಯ ಮೇಲಕ್ಕೆ ಹಾಕಿ, ಆಮೇಲೆ ಮಾತಾಡೋಣ.