ಒಂದೊಂದೇ ಕಿವಿಗೆ ಕೇಳಿ ನೋಡಿದ್ದೆ

ಗುಬ್ಬಿ ಹತ್ತಿರದ ಒಂದು ಊರಲ್ಲಿ ರಾಜ್ಯೋತ್ಸವದ ಪ್ರೋಗ್ರಾಂ. ಎರಡನೇ ಹಾಡು ಚರಣಕ್ಕೆ ಬಂದಿತ್ತು. ಹಾಡುತ್ತಿದ್ದ ಅಕ್ಕ, ಇಯರ್‌ಫೋನ್ ಹಾಕಿದ್ದ ಬಲಗಿವಿ ಒತ್ತಿ ಹಿಡಿದುಕೊಂಡರು. ಆಮೇಲೆ ನನ್ನ ಕಡೆ ನೋಡಿ ಬೆರಳು ಮೇಲಕ್ಕೆ ತೋರಿಸಿದರು. ಸದ್ದು ಜಾಸ್ತಿ ಕೊಡು ಅಂತ. ಕೊಟ್ಟೆ. ಅಲ್ಲಿಂದ ಹದಿನೈದು ನಿಮಿಷ ನಾನು ಮಿಕ್ಸರ್ ಮೇಲೆ ಏನೇನು ಮಾಡಿದೆನೋ ಅದೆಲ್ಲ ತಪ್ಪು.

ತುಮಕೂರಿನಲ್ಲಿ ಸೌಂಡ್ಸ್ ಬಾಡಿಗೆಗೆ ಕೊಡುವ ಒಬ್ಬರ ಹತ್ತಿರ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಗಣೇಶ, ರಾಜ್ಯೋತ್ಸವ, ಮದುವೆ, ಜಾತ್ರೆ ಎಲ್ಲದಕ್ಕೂ ಹೋಗುತ್ತೇವೆ. ಮಿಕ್ಸರ್ ನನ್ನದು. ಹಳ್ಳಿ ಸ್ಟೇಜು ಗೊತ್ತಲ್ಲ, ಚಿಕ್ಕದು. ಹಾಡುವವರು ತಮ್ಮ ಧ್ವನಿ ಕೇಳಿಕೊಳ್ಳಲಿ ಅಂತ ಕಾಲ ಬಳಿ ಇಡುವ ಸ್ಪೀಕರ್‌ಗೆ ವೆಡ್ಜ್ ಅಂತಾರೆ. ಅದನ್ನು ಇಟ್ಟರೆ ಮೈಕಿನ ಮೂತಿಗೇ ಬರುತ್ತದೆ. ಸ್ವಲ್ಪ ಏರಿಸಿದರೆ ಸಿಳ್ಳೆ ಹೊಡೆಯುತ್ತದೆ. ಇದಕ್ಕೆ ಇನ್-ಇಯರ್, ಅಂದರೆ ಅದೇ ಸದ್ದನ್ನು ಕಿವಿಯೊಳಗೇ ಕೊಡುವ ಇಯರ್‌ಫೋನ್, ಒಳ್ಳೆಯ ಪರಿಹಾರ ಅಂತ ನಾನೇ ಎರಡು ವರ್ಷದಿಂದ ಹೇಳುತ್ತಿದ್ದೆ. ಯಜಮಾನರು ಒಪ್ಪಿದ್ದು ಬೇರೆ ಕಾರಣಕ್ಕೆ. ನಾಲ್ಕು ವೆಡ್ಜ್ ಬಿಟ್ಟರೆ ಏಸ್ ಗಾಡಿ ಎರಡನೇ ಟ್ರಿಪ್ ಹೋಗೋದು ತಪ್ಪುತ್ತದೆ. "ಒಂದು ಜೊತೆಗೆ ಎರಡು ಸಾವಿರ ದಾಟಬಾರದು, ನೀನೇ ನೋಡಿ ತಗೊಂಡು ಬಾ" ಅಂದರು.

ಎರಡು ಸಾವಿರಕ್ಕೆ ಏನು ಬರುತ್ತೆ ಅಂತ ಮೂಗು ಮುರಿಯುವವರು ಇದ್ದಾರೆ. ಈಗ ಹಾಗಿಲ್ಲ. ಕೆಝಡ್, ಮೂಂಡ್ರಾಪ್, ಸೆವೆನ್ ಹರ್ಟ್ಜ್ ಥರದ ಚೀನಾ ಕಂಪನಿಗಳು ಈ ಬೆಲೆಗೆ ನಿಜವಾಗಿಯೂ ಒಳ್ಳೆಯ ಮಾಲು ಕೊಡುತ್ತಿವೆ. ನಾನು ನಾಲ್ಕು ಬೇರೆ ಬೇರೆ ಸೆಟ್ ತರಿಸಿ ಒಂದು ವಾರ ಗೋಡೌನಿನಲ್ಲಿ ಕೂತು ಕೇಳಿದೆ.

ಮೊದಲು ನೋಡಿದ್ದು ಡ್ರೈವರ್, ಅಂದರೆ ಒಳಗೆ ಸದ್ದು ಮಾಡುವ ಪುಟ್ಟ ಸ್ಪೀಕರ್. ಪೆಟ್ಟಿಗೆ ಮೇಲೆ ಐದು ಡ್ರೈವರ್, ಎಂಟು ಡ್ರೈವರ್ ಅಂತ ಬರೆದಿರುತ್ತಾರೆ. ಸ್ಟೇಜಿಗೆ ನನಗೆ ಬೇಕಾಗಿದ್ದು 10 ಮಿಲಿಮೀಟರಿನ ಒಂದೇ ಡೈನಾಮಿಕ್ ಡ್ರೈವರ್ ಇರೋದು, ಅಂದರೆ ಮಾಮೂಲಿ ಸ್ಪೀಕರಿನ ಹಾಗೆ ಪರದೆ ಅದುರುವಂಥದ್ದು. ಬ್ಯಾಲೆನ್ಸ್ಡ್ ಆರ್ಮೇಚರ್ ಅನ್ನೋ ಇನ್ನೊಂದು ಜಾತಿಯ ಪುಟ್ಟ ಡ್ರೈವರ್‌ಗಳನ್ನು ಸೇರಿಸಿ ಮಾಡಿದ ಸೆಟ್‌ಗಳಲ್ಲಿ ಓಮ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಎಲ್ಲ ಸ್ವರಕ್ಕೂ ಒಂದೇ ಇರೋದಿಲ್ಲ. ಕೆಳಗಿನ ಸ್ವರಕ್ಕೆ ಒಂದು, ಮೇಲಿನ ಸ್ವರಕ್ಕೆ ಇನ್ನೊಂದು. ಮಿಕ್ಸರ್ ಸದ್ದನ್ನು ಇಯರ್‌ಫೋನಿಗೆ ಕೊಡಲು ಹಾಡುವವರ ಸೊಂಟಕ್ಕೆ ಸಿಕ್ಕಿಸುವ ಪ್ಯಾಕಿನ ಔಟ್‌ಪುಟ್ ಓಮ್ಸ್ ಜಾಸ್ತಿ ಇದ್ದರೆ ಅದೇ ಸೆಟ್ಟಿನ ಧ್ವನಿಯ ಬಣ್ಣ ಬದಲಾಗಿಬಿಡುತ್ತದೆ. ಫೋನಿನಲ್ಲಿ ಚೆನ್ನಾಗಿ ಕೇಳಿದ್ದು ಪ್ಯಾಕಿನಲ್ಲಿ ಬೇರೆ ಥರ ಕೇಳುತ್ತದೆ. ಒಂದೇ ಡೈನಾಮಿಕ್ ಇದ್ದರೆ ಈ ತೊಂದರೆ ಬಹಳ ಕಮ್ಮಿ. ತೀರಾ ಸೂಕ್ಷ್ಮ ಸೆಟ್ ಆದರೆ ಪ್ಯಾಕಿನ 'ಸ್‌ಸ್‌' ಸದ್ದೂ ಕಿವಿಗೆ ಬರುತ್ತದೆ. ಅದಕ್ಕೇ ಪ್ಯಾಕ್ ಆನ್ ಮಾಡಿ, ಹಾಡು ಹಾಕದೆ, ಸುಮ್ನೆ ಒಂದು ನಿಮಿಷ ಕಿವಿಯಲ್ಲಿಟ್ಟು ಕೂರುತ್ತಿದ್ದೆ.

ಆಮೇಲೆ ಮಾತು. ಹಾಡಿಗಿಂತ ಮಾತು ಬೇಗ ಬಣ್ಣ ಬಿಚ್ಚುತ್ತದೆ. ಮೈಕ್ ಹಿಡಿದು "ಶಿರಾ, ಸೀಬಿ, ಸಿದ್ಧಗಂಗೆ" ಅಂತ ಹೇಳುತ್ತೇನೆ. ಕಮ್ಮಿ ಬೆಲೆಯ ಕೆಲವು ಸೆಟ್‌ಗಳಲ್ಲಿ 6ರಿಂದ 8 ಕಿಲೋಹರ್ಟ್ಜ್ ಹತ್ತಿರ, ಅಂದರೆ ಸ, ಶ ಅಕ್ಷರದ ಚೂಪು ಸದ್ದು ಇರುವ ಕಡೆ, ಒಂದು ಗೂಟ ಎದ್ದಿರುತ್ತದೆ, ಅಲ್ಲಿ ಮಾತ್ರ ಸದ್ದು ಜಾಸ್ತಿ. ಆಗ ಈ ಮೂರು ಊರೂ ಕಿವಿಗೆ ಸೂಜಿ ಚುಚ್ಚಿದ ಹಾಗೆ ಬರುತ್ತವೆ. ಎರಡು ಸೆಟ್ ಅಲ್ಲೇ ಹೊರಗೆ ಹೋದವು. ಗಾಯಕರಿಗೆ ಆ ಗೂಟ ಕೊಟ್ಟರೆ ಎರಡು ಗಂಟೆಯಲ್ಲಿ ಸುಸ್ತಾಗುತ್ತಾರೆ. ಎಂಜಿನಿಯರ್ ಟ್ರೆಬಲ್ ಇಳಿಸುತ್ತಾನೆ. ಆಗ ಪದವೇ ಕೇಳಿಸೋದಿಲ್ಲ.

ಉಳಿದ ಎರಡರಲ್ಲಿ ಒಂದರ ಮೂತಿಗೆ ಅಂಚೇ ಇರಲಿಲ್ಲ, ನುಣ್ಣಗೆ ಪೈಪಿನ ಹಾಗಿತ್ತು. ಕಿವಿಯಿಂದ ಎಳೆದಾಗ ರಬ್ಬರ್ ಟಿಪ್ ಒಳಗೇ ಉಳಿದುಬಿಟ್ಟಿತು. ಗೋಡೌನಿನಲ್ಲಿ ಚಿಮಟ ಹುಡುಕಿ ತೆಗೆದೆ. ಅದನ್ನೂ ಬಿಟ್ಟೆ. ಕೊನೆಗೆ ಉಳಿದದ್ದು ಒಂದು. ಲೋಹದ ಮುಖ, ಗಟ್ಟಿ ಶೆಲ್, ಮೂತಿಗೆ ಒಳ್ಳೆ ಅಂಚು, ಕೇಬಲ್ ಬಿಚ್ಚಿ ಹಾಕುವ 0.78 ಮಿಲಿಮೀಟರಿನ ಎರಡು ಪಿನ್. ಸ್ಟೇಜಿನಲ್ಲಿ ಮೊದಲು ಸಾಯೋದು ಕೇಬಲ್. ಬಿಚ್ಚಿ ಬದಲಾಯಿಸೋ ಹಾಗಿದ್ದರೆ ಸೆಟ್ ಉಳಿಯುತ್ತದೆ. ಅದೇ ಮಾಲು ನಾಲ್ಕು ಜೊತೆ ತರಿಸಿದೆ. ಆ ಸೆಟ್ಟಿನಲ್ಲಿ ಇವತ್ತಿಗೂ ನನಗೆ ಯಾವ ದೋಷವೂ ಕಾಣೋದಿಲ್ಲ.

ತಪ್ಪು ಶುರುವಾಗಿದ್ದು ಪ್ರೋಗ್ರಾಂಗೆ ಎರಡು ದಿನ ಮೊದಲು, ರಿಹರ್ಸಲ್‌ನಲ್ಲಿ. ಅಕ್ಕ ಜುಮುಕಿಗೆ ಮಾಟಿ ಸಿಕ್ಕಿಸಿಕೊಂಡು ಹಾಡುತ್ತಾರೆ. ಈ ಕೇಬಲ್ ಕಿವಿಯ ಮೇಲಿಂದ ಹಿಂದಕ್ಕೆ ಸುತ್ತಿ ಬರುತ್ತದೆ. ಆ ಭಾಗಕ್ಕೆ ಕಂಪನಿಯವರು ಗಟ್ಟಿ ಪ್ಲಾಸ್ಟಿಕ್ ಕೊಳವೆ ಹಾಕಿ ಕೊಕ್ಕೆಯ ಥರ ಬಗ್ಗಿಸಿರುತ್ತಾರೆ. ಆ ಕೊಕ್ಕೆ ಮಾಟಿಗೆ ಸಿಕ್ಕಿ ಎಳೆಯುತ್ತಿತ್ತು. "ಅಣ್ಣ, ನೋಯ್ತಿದೆ" ಅಂದರು. ನಾನು ಬ್ಲೇಡ್ ತಗೊಂಡು ಕೊಳವೆ ಸೀಳಿ ತೆಗೆದುಬಿಟ್ಟೆ. ಕೇಬಲ್ ಮೆತ್ತಗಾಯಿತು, ಮಾಟಿಗೂ ಸಿಕ್ಕಲಿಲ್ಲ. ಅಕ್ಕನಿಗೆ ಖುಷಿ. ನನಗೂ ಖುಷಿ.

ಆ ಕೊಕ್ಕೆ ಇನ್ನೊಂದು ಕೆಲಸ ಮಾಡುತ್ತಿತ್ತು ಅಂತ ಆಗ ನನಗೆ ಹೊಳೆಯಲಿಲ್ಲ. ಎರಡು ಪಿನ್ನಿನ ಪ್ಲಗ್ಗಿನಲ್ಲಿ ಒಂದು ಪ್ಲಸ್, ಒಂದು ಮೈನಸ್. ಸಾಕೆಟ್ ಚಪ್ಪಟೆ. ಪ್ಲಗ್ಗನ್ನು ಹೇಗೆ ತಿರುಗಿಸಿ ಒತ್ತಿದರೂ ಒಳಗೆ ಹೋಗುತ್ತದೆ. ಶೂರ್ ಎಸ್‌ಇ215 ಥರದ ಸೆಟ್‌ಗಳಲ್ಲಿ ಇರುವ ಎಂಎಂಸಿಎಕ್ಸ್ ದುಂಡಗಿನ ಕನೆಕ್ಟರ್. ನಡುವೆ ಒಂದು, ಸುತ್ತ ಒಂದು. ಅಲ್ಲಿ ತಿರುಗಾಮುರುಗಾ ಆಗೋ ಪ್ರಶ್ನೆಯೇ ಇಲ್ಲ. ಎರಡು ಪಿನ್ನಿನಲ್ಲಿ ದಿಕ್ಕು ಹೇಳೋದು ಕೊಕ್ಕೆಯ ಬಾಗು. ತಪ್ಪಾಗಿ ಹಾಕಿದರೆ ಕೊಕ್ಕೆ ಕೆನ್ನೆ ಕಡೆ ಬಗ್ಗುತ್ತದೆ, ಕಿವಿಗೆ ಕೂರೋದೇ ಇಲ್ಲ. ನಾನು ಆ ಗುರುತನ್ನೇ ಕತ್ತರಿಸಿ ಬಿಸಾಡಿದ್ದೆ.

ಪ್ರೋಗ್ರಾಂ ದಿನ ಮಧ್ಯಾಹ್ನ ಶೆಲ್ ಒರೆಸೋಣ ಅಂತ ಕೇಬಲ್ ಬಿಚ್ಚಿದೆ. ಒರೆಸಿ ಮತ್ತೆ ಹಾಕಿದೆ. ಲೈನ್ ಚೆಕ್ ಮಾಡುವಾಗ ಎಡಗಡೆಯದು ಕಿವಿಗಿಟ್ಟು ಕೇಳಿದೆ, ಸರಿ ಇತ್ತು. ಬಲಗಡೆಯದು ಕೇಳಿದೆ, ಅದೂ ಸರಿ ಇತ್ತು. ಇನ್ನೊಂದು ಕಿವಿ ಮೇನ್ಸ್ ಕಡೆಗೆ, ಅಂದರೆ ಜನರಿಗೆ ಕೇಳಿಸುವ ದೊಡ್ಡ ಸ್ಪೀಕರ್ ಕಡೆಗೆ ಬೇಕಲ್ಲ, ಅದಕ್ಕೆ ಒಂದೊಂದೇ ಕೇಳಿದೆ. ಎರಡನ್ನೂ ಒಟ್ಟಿಗೆ ಹಾಕಿಕೊಳ್ಳಲಿಲ್ಲ.

ಈಗ ಆ ಹದಿನೈದು ನಿಮಿಷ. ಅಕ್ಕ ಜಾಸ್ತಿ ಕೇಳಿದಾಗ ಆಕ್ಸ್, ಅಂದರೆ ಮಿಕ್ಸರ್‌ನಿಂದ ಅವರ ಕಿವಿಗೆ ಹೋಗುವ ಲೈನು, 3 ಡೆಸಿಬಲ್ ಏರಿಸಿದೆ. ಮತ್ತೆ ಕಿವಿ ಒತ್ತಿದರು. ಇನ್ನೂ 3 ಏರಿಸಿದೆ. ಪಲ್ಲವಿಗೆ ವಾಪಸ್ ಬರುವಾಗ ಶ್ರುತಿ ಇಳಿಯಿತು. ಈ ಅಕ್ಕನಿಗೆ ಶ್ರುತಿ ಇಳಿಯೋದಾ? ಕೀಬೋರ್ಡ್ ಮಾಸ್ಟರ್ ತಲೆ ಎತ್ತಿ ನನ್ನನ್ನು ನೋಡಿದರು. ಮುಂದಿನ ಸಾಲಿನ ಕುರ್ಚಿಯವರು ಮುಖ ಮುಖ ನೋಡಿಕೊಂಡರು. ನನಗೆ ಬೆನ್ನಲ್ಲಿ ಬೆವರು. ಬೇಸ್ ಸಾಲದೇನೋ ಅಂತ 200 ಹರ್ಟ್ಜ್ ಹತ್ತಿರದ ಸದ್ದು ಏರಿಸಿದೆ. ಪ್ಯಾಡ್ ವಾದ್ಯ ಅಡ್ಡ ಬರುತ್ತಿದೆಯೇನೋ ಅಂತ ಅಕ್ಕನ ಆಕ್ಸಿನಿಂದ ಪ್ಯಾಡ್ ಪೂರ್ತಿ ತೆಗೆದೆ. ಹಾಡು ಮುಗಿಯಿತು. ನಿರೂಪಕರಿಗೆ ಎರಡು ನಿಮಿಷ ಮಾತಾಡಿ ಅಂತ ಸನ್ನೆ ಮಾಡಿ ಸ್ಟೇಜಿನ ಹಿಂದೆ ಓಡಿದೆ.

"ಅಣ್ಣ, ನನ್ನ ಧ್ವನಿ ನನ್ನ ಹಿಂದೆ ಯಾರೋ ಹಾಡ್ತಿರೋ ಹಾಗೆ ಕೇಳ್ತಿದೆ. ಶ್ರುತಿ ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ."

ಅಕ್ಕ ಕಾಯಿಲೆ ಏನು ಅಂತ ನೇರವಾಗಿ ಹೇಳಿಬಿಟ್ಟಿದ್ದರು. ಫೇಸ್ ತಿರುಗಿದರೆ, ಅಂದರೆ ಒಂದು ಕಡೆ ಪ್ಲಸ್ ಮೈನಸ್ ಅದಲುಬದಲಾದರೆ, ಏನಾಗುತ್ತೆ ಅಂತ ಯಾರಾದರೂ ಕೇಳಿದರೆ ನಾನೂ ಇದೇ ಮಾತನ್ನೇ ಹೇಳುತ್ತೇನೆ. ಸ್ಪೀಕರ್ ವೈರ್ ಉಲ್ಟಾ ಆದರೆ ನಿದ್ದೆಗಣ್ಣಲ್ಲೂ ಕಂಡುಹಿಡಿಯುತ್ತೇನೆ. ಅವತ್ತು ನಾನು ಕೊಟ್ಟ ಉತ್ತರ, "ಟಿಪ್ ಲೂಸಾಗಿರಬೇಕು ಅಕ್ಕ, ದೊಡ್ಡದು ಹಾಕ್ತೀನಿ."

ಟಿಪ್ ಅಂದುಕೊಂಡದ್ದಕ್ಕೂ ಕಾರಣ ಇತ್ತು. ಮೇಲಿನ ಸ್ವರಕ್ಕೆ ಬಾಯಿ ಅಗಲವಾಗಿ ತೆರೆದರೆ ಕಿವಿಯ ಒಳಗಿನ ದಾರಿಯ ಆಕಾರ ಬದಲಾಗುತ್ತದೆ. ಟಿಪ್ ಸಡಿಲವಾಗಿ ಬೇಸ್ ಸೋರಿಹೋಗುತ್ತದೆ. ಗಾಯಕರಲ್ಲಿ ಇದು ದಿನಾ ನೋಡೋ ತೊಂದರೆ. ದಿನಾ ನೋಡೋದನ್ನೇ ಅವತ್ತೂ ನೋಡಿದೆ. ದೊಡ್ಡ ಟಿಪ್ ಹಾಕಿ ಕಳಿಸಿದೆ.

ಮೂರನೇ ಹಾಡಿನ ಅರ್ಧಕ್ಕೆ ಅಕ್ಕ ಬಲಗಡೆಯದನ್ನು ಕಿತ್ತು ಭುಜದ ಮೇಲೆ ಬಿಟ್ಟುಕೊಂಡರು. ಮರುಕ್ಷಣ ಶ್ರುತಿ ಕೂತಿತು. ಅಬ್ಬಾ ಅಂದುಕೊಂಡೆ. ಜನರ ಸದ್ದು ಕೇಳಿಸದೆ ಕಸಿವಿಸಿ ಆಗಿರಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಒಂದು ಕಿವಿ ಸಾಲದೆ ಅವರು ಮತ್ತೆ ಬೆರಳು ಎತ್ತಿದರು. ನಾನು ಮತ್ತೆ ಏರಿಸಿದೆ. ಅಲ್ಲಿ ಒಂದೇ ಒಂದು ವೆಡ್ಜ್ ಇದ್ದಿದ್ದರೆ ಎರಡನ್ನೂ ತೆಗೆಸಿ ಅದರಲ್ಲೇ ಹಾಡಿಸುತ್ತಿದ್ದೆ. ನಾಲ್ಕೂ ಗೋಡೌನಿನಲ್ಲಿದ್ದವು. ಒಂದಾದರೂ ಇರಲಿ ಅಂತ ಬೆಳಿಗ್ಗೆ ಕೇಳಿದ್ದಕ್ಕೆ "ಹೊಸದು ತಗೊಂಡಿದ್ದು ಯಾಕೆ ಮತ್ತೆ?" ಅಂದಿದ್ದರು ಯಜಮಾನರು.

ಹತ್ತು ಗಂಟೆಗೆ ಮೈಕ್ ನಿಲ್ಲಬೇಕು, ನಿಲ್ಲಿಸಿದೆವು. ಸಾಮಾನು ಏರಿಸಿ ಏಸ್ ಹಿಂದೆ ಕೂತಿದ್ದೆವು. ಕೀಬೋರ್ಡ್ ಮಾಸ್ಟರ್ "ಕೊಡಿಲ್ಲಿ" ಅಂತ ಅಕ್ಕನ ಸೆಟ್ ತಗೊಂಡು ಎರಡೂ ಕಿವಿಗೆ ಹಾಕಿಕೊಂಡು ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿದರು. ಹತ್ತು ಸೆಕೆಂಡ್ ಆಗಿರಬಹುದು.

"ಇದೇನ್ರೀ, ಷಡ್ಜ ತಲೆಯಿಂದ ಹೊರಗಡೆ ಎಲ್ಲೋ ಇದೆ."

ಬಲಗಡೆ ಪ್ಲಗ್ ಎಳೆದು, ತಿರುಗಿಸಿ, ಮತ್ತೆ ಒತ್ತಿದೆ.

"ಈಗ ನಡುವಿಗೆ ಬಂತು."

ಪಿನ್ ಉಲ್ಟಾ ಆದರೆ ಒಂದು ಕಡೆ ಡ್ರೈವರಿನ ಪರದೆ ಹೊರಗೆ ತಳ್ಳುವಾಗ ಇನ್ನೊಂದು ಕಡೆಯದು ಒಳಗೆ ಎಳೆಯುತ್ತದೆ. ಒಂದೇ ಕಿವಿಗೆ ಕೇಳಿದರೆ ವ್ಯತ್ಯಾಸ ಗೊತ್ತೇ ಆಗೋದಿಲ್ಲ. ಎರಡೂ ಹಾಕಿಕೊಂಡಾಗ ಅವು ಸೇರೋದು ತಲೆಯೊಳಗೆ. ಬೇಸ್ ಸೊರಗುತ್ತದೆ, ನಡುವಲ್ಲಿ ಇರಬೇಕಾದ ಧ್ವನಿ ಎಲ್ಲೋ ಸುತ್ತಾಡುತ್ತದೆ. ಹಾಡುವವರಿಗೆ ಇನ್ನೂ ಕಷ್ಟ. ಅವರ ಧ್ವನಿ ತಲೆಬುರುಡೆಯ ಮೂಲಕವೂ ಕಿವಿಗೆ ಬರುತ್ತದಲ್ಲ, ಅದು ಒಂದು ಕಿವಿಯಲ್ಲಿ ಕೂಡುತ್ತದೆ, ಇನ್ನೊಂದರಲ್ಲಿ ಕಳೆಯುತ್ತದೆ. ಆಕ್ಸ್ ಏರಿಸಿದಷ್ಟೂ ಈ ಗೊಂದಲ ಜಾಸ್ತಿ.

ಶ್ರುತಿ ಇಳಿದದ್ದು ಊರವರು ಮರೆತಿರುತ್ತಾರೆ. ನನಗೆ ಈಗಲೂ ಚುಚ್ಚುವುದು ಬೇರೆ. ಮಾರನೇ ದಿನ ಅಕ್ಕ ಫೋನ್ ಮಾಡಿ "ಎಡಗಿವಿ ಗುಂಯ್ ಅಂತಿದೆ ಅಣ್ಣ" ಅಂದರು. ಕೆಲಸದ ಜಾಗದ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು. ಅಲ್ಲಿಂದ 3 ಏರಿದ ಹಾಗೆಲ್ಲ ಸಮಯ ಅರ್ಧ. 100 ಡೆಸಿಬಲ್‌ಗೆ 15 ನಿಮಿಷ ಅಷ್ಟೇ. ಅಕ್ಕ ಒಂದೇ ಕಿವಿಯಲ್ಲಿ ಒಂದೂವರೆ ಗಂಟೆ ಹಾಡಿದ್ದರು. ಪ್ರತಿ ಸಲ ಏರಿಸಿದ್ದು ನನ್ನ ಬೆರಳು. ಎರಡು ದಿನಕ್ಕೆ ಗುಂಯ್ ನಿಂತಿತು. ಆ ಎರಡು ದಿನ ನನಗೆ ಊಟ ಸೇರಲಿಲ್ಲ. ಕೊಳವೆ ಕತ್ತರಿಸಿದ್ದು, ಪ್ಲಗ್ ತಿರುಗಿದ್ದು ಎಲ್ಲ ಅವರಿಗೆ ಬಿಡಿಸಿ ಹೇಳಿದೆ. "ಆಗಲೇ ಹೇಳಿದ್ನಲ್ಲ, ಹಿಂದೆ ಯಾರೋ ಹಾಡ್ತಿದ್ದಾರೆ ಅಂತ" ಅಂದರು. ಬೇರೇನೂ ಅನ್ನಲಿಲ್ಲ.

ಈಗ ನಾಲ್ಕೂ ಜೊತೆಗೆ ಉಗುರು ಬಣ್ಣದ ಗುರುತು ಇದೆ. ಶೆಲ್ಲಿಗೆ ಒಂದು ಚುಕ್ಕೆ, ಪ್ಲಗ್ಗಿಗೆ ಒಂದು ಚುಕ್ಕೆ, ಎರಡೂ ಒಂದೇ ಕಡೆ. ಬಲಕ್ಕೆ ಕೆಂಪು, ಎಡಕ್ಕೆ ನೀಲಿ. ಪಿನ್ ಹಸಿರುಗಟ್ಟಿದೆಯಾ ಅಂತ ಟಾರ್ಚ್ ಹಾಕಿ ನೋಡುತ್ತೇನೆ, ಬೆವರಿಗೆ ಅದು ಬೇಗ ಆಗುತ್ತದೆ. ಮೂತಿಯ ಜಾಲರಿಯನ್ನೂ ನೋಡುತ್ತೇನೆ, ಒಂದು ಹನಿ ನೀರು ಕೂತರೆ ಸಾಕು, ಆ ಕಡೆ ಸದ್ದು ಅರ್ಧ ಆಗುತ್ತದೆ. ಕೊನೆಗೆ ತಂಬೂರಿಯನ್ನು ಮೋನೋದಲ್ಲಿ, ಅಂದರೆ ಎರಡೂ ಕಡೆ ಒಂದೇ ಸದ್ದು ಬರುವ ಹಾಗೆ ಹಾಕಿ ಎರಡೂ ಕಿವಿಗೆ ಇಟ್ಟು ಕೇಳುತ್ತೇನೆ. ಮೊದಲು ನಾನು, ಆಮೇಲೆ ಹಾಡುವವರು. ಅವರು ಅದನ್ನು ಹಾಕಿಕೊಂಡೇ ಒಂದು ಪಲ್ಲವಿ ಪೂರ್ತಿ ಬಾಯಿ ತೆರೆದು ಹಾಡಬೇಕು. ಇಷ್ಟಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. "ಅಷ್ಟು ಹೊತ್ತು ಏನು ಮಾಡ್ತೀಯಪ್ಪಾ" ಅಂತ ಯಜಮಾನರು ಈಗಲೂ ಗೊಣಗುತ್ತಾರೆ. ಗೊಣಗಲಿ.

ಹೋದ ತಿಂಗಳು ತಿಪಟೂರಿನಲ್ಲಿ ಪ್ರೋಗ್ರಾಂ ಇತ್ತು. ಅಕ್ಕ ಎಡಗಡೆಯದು ಹಾಕಿಕೊಂಡರು. ಬಲಗಡೆಯದನ್ನು ಕೈಯಲ್ಲಿ ಹಿಡಿದು ಚುಕ್ಕೆ ನೋಡಿದರು. ನನ್ನನ್ನು ನೋಡಿದರು. ಆಮೇಲೆ ಹಾಕಿಕೊಂಡು ಕಣ್ಣು ಮುಚ್ಚಿ ತಂಬೂರಿ ಕೇಳಿದರು. "ನಡುವಲ್ಲೇ ಇದೆ" ಅಂದರು. ಅವರ ಕಾಲ ಬಳಿ ಒಂದು ವೆಡ್ಜ್ ಇಟ್ಟಿದ್ದೆ, ಲೈನ್ ಕೊಟ್ಟು, ಮ್ಯೂಟ್ ಮಾಡಿ. ಗಾಡಿಯಲ್ಲಿ ಜಾಗ ಇಲ್ಲ ಅಂದಿದ್ದಕ್ಕೆ ಅದನ್ನು ತೊಡೆ ಮೇಲೆ ಇಟ್ಟುಕೊಂಡು ತುಮಕೂರಿನಿಂದ ಕೂತು ಬಂದಿದ್ದೆ.