ಗಲ್ಲು ವಿಧಿಸುವುದು ಬೇರೆ, ಗಲ್ಲಿಗೇರಿಸುವುದು ಬೇರೆ

ಸೆಷನ್ಸ್ ಕೋರ್ಟು ಯಾರಿಗಾದರೂ ಗಲ್ಲು ವಿಧಿಸಿದ ದಿನ ಇಂಗ್ಲಿಷ್‌ನಲ್ಲಿ ಬರೆಯಬೇಕಾದದ್ದು ‘ಸೆಂಟೆನ್ಸ್‌ಡ್ ಟು ಡೆತ್’ ಎಂದು. ‘ಎಕ್ಸಿಕ್ಯೂಟೆಡ್’ ಎಂದರೆ ಬದುಕಿರುವವರನ್ನು ಸತ್ತರೆಂದು ಸಾರಿದ ಹಾಗಾಗುತ್ತದೆ. ಅನುವಾದಕರೂ ಕಾನೂನು ವಿದ್ಯಾರ್ಥಿಗಳೂ ಮೊದಲು ತಿಳಿಯಬೇಕಾದದ್ದು ಇದನ್ನೇ.

‘ಕ್ಯಾಪಿಟಲ್ ಪನಿಶ್‌ಮೆಂಟ್’ ಶಿಕ್ಷಾಪದ್ಧತಿಯ ಹೆಸರು. ಒಂದು ದೇಶದಲ್ಲಿ ಅದು ಜಾರಿಯಲ್ಲಿದೆ, ರದ್ದಾಗಿದೆ ಎನ್ನುವಾಗ ಬಳಸುವಂಥದ್ದು. ‘ಡೆತ್ ಸೆಂಟೆನ್ಸ್’ ಒಬ್ಬ ಅಪರಾಧಿಗೆ ಕೋರ್ಟು ಕೊಟ್ಟ ಶಿಕ್ಷೆ. ಅದರ ಜಾರಿಯೇ ‘ಎಕ್ಸಿಕ್ಯೂಷನ್’. ಸಿವಿಲ್ ಕೋರ್ಟಿನ ಅಮಲ್ಜಾರಿ ಅರ್ಜಿಯನ್ನೂ ‘ಎಕ್ಸಿಕ್ಯೂಷನ್ ಪಿಟಿಷನ್’ ಎನ್ನುವುದು ಇದೇ ಅರ್ಥದಿಂದ.

ವಿಧಿಸಿದ್ದಕ್ಕೂ ಜಾರಿಗೂ ನಡುವೆ ಹಲವು ಮೆಟ್ಟಿಲುಗಳಿವೆ. ಸೆಷನ್ಸ್ ಕೋರ್ಟು ಕೊಟ್ಟ ಮರಣದಂಡನೆಯನ್ನು ಹೈಕೋರ್ಟು ದೃಢೀಕರಿಸಲೇಬೇಕು, ಇದು ‘ಕನ್ಫರ್ಮೇಷನ್’. ಅಪರಾಧಿ ಮೇಲ್ಮನವಿ ಹಾಕದಿದ್ದರೂ ಕಡತ ಅಲ್ಲಿಗೆ ಹೋಗುತ್ತದೆ. ಮೇಲ್ಮನವಿ, ಕ್ಷಮಾದಾನದ ಅರ್ಜಿ ಎಲ್ಲ ಮುಗಿದ ಮೇಲೆ ಹೊರಡುವುದು ‘ವಾರೆಂಟ್ ಆಫ್ ಎಕ್ಸಿಕ್ಯೂಷನ್’, ಅಂದರೆ ಪತ್ರಿಕೆಗಳು ಬ್ಲ್ಯಾಕ್ ವಾರೆಂಟ್ ಎನ್ನುವ ಆದೇಶ. ನೇಣಿನ ಸಮಯ, ಸ್ಥಳ ಅದರಲ್ಲಿರುತ್ತವೆ. ಶಿಕ್ಷೆ ಜಾರಿಯಾಯಿತೆಂದು ಅದರ ಮೇಲೆ ಷರಾ ಬರೆದು ಜೈಲು ಅಧಿಕಾರಿ ಕೋರ್ಟಿಗೆ ಹಿಂದಿರುಗಿಸಬೇಕು. ಆ ಷರಾ ಬಿದ್ದ ಮೇಲಷ್ಟೇ ಕಡತದ ಮಟ್ಟಿಗೆ ‘ಎಕ್ಸಿಕ್ಯೂಟೆಡ್’.

ಕ್ಷಮಾದಾನದ ಪದಗಳಲ್ಲಂತೂ ಗೊಂದಲ ಹೆಚ್ಚು. ರಾಷ್ಟ್ರಪತಿಗಳ ಕ್ಷಮಾದಾನದ ಅಧಿಕಾರವನ್ನು ಹೇಳುವ ಸಂವಿಧಾನದ 72ನೇ ವಿಧಿಯಲ್ಲಿ ಬರುವ ‘ಪಾರ್ಡನ್’ ಶಿಕ್ಷೆಯನ್ನು ಪೂರ್ತಿ ತೊಡೆದುಹಾಕುತ್ತದೆ. ‘ರಿಪ್ರೀವ್’ ತಾತ್ಕಾಲಿಕ ತಡೆ. ‘ರೆಮಿಷನ್’ ಶಿಕ್ಷೆಯ ಸ್ವರೂಪ ಬದಲಿಸದೆ ಅವಧಿಯನ್ನಷ್ಟೇ ಇಳಿಸುತ್ತದೆ. ‘ಕಮ್ಯೂಟ್’ ಎಂದರೆ ಒಂದು ಬಗೆಯ ಶಿಕ್ಷೆಗೆ ಬದಲು ಅದಕ್ಕಿಂತ ಹಗುರವಾದ ಇನ್ನೊಂದು.

ಪಾಲಾರ್ ನೆಲಬಾಂಬ್ ಸ್ಫೋಟದ ಪ್ರಕರಣ ನೋಡಿ. ವೀರಪ್ಪನ್‌ನ ನಾಲ್ವರು ಸಹಚರರಿಗೆ ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆಯ) ಕೋರ್ಟು ಜೀವಾವಧಿ ಕೊಟ್ಟಿತ್ತು. 2004ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮರಣದಂಡನೆಗೆ ಏರಿಸಿತು. ರಾಷ್ಟ್ರಪತಿಗಳು ಕ್ಷಮಾದಾನದ ಅರ್ಜಿ ತಿರಸ್ಕರಿಸಿದ್ದು 2013ರಲ್ಲಿ. ಆಗ ಆ ನಾಲ್ವರು ಇದ್ದದ್ದು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ. 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಆ ಅರ್ಜಿಯ ತೀರ್ಮಾನ ಅತಿಯಾಗಿ ತಡವಾಯಿತೆಂಬ ಕಾರಣಕ್ಕೆ, ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಇದು ‘ಕಮ್ಯೂಟೆಡ್’. ಇಲ್ಲಿ ‘ಪಾರ್ಡನ್ಡ್’ ಎಂದರೆ ತಪ್ಪು, ಏಕೆಂದರೆ ಅಪರಾಧವೂ ಉಳಿಯಿತು, ಸೆರೆಯೂ ಉಳಿಯಿತು. ‘ಅಕ್ವಿಟೆಡ್’ (ಖುಲಾಸೆ) ಅಂತೂ ಅಲ್ಲವೇ ಅಲ್ಲ.

ವ್ಯಾಕರಣದಲ್ಲಿ ಎಡವುವ ಜಾಗ ಒಂದಿದೆ. ನೇಣಿಗೇರಿಸಿದ ಮನುಷ್ಯನಿಗೆ ‘ಹ್ಯಾಂಗ್ಡ್’, ಗೋಡೆಗೆ ತೂಗುಹಾಕಿದ ಪಟಕ್ಕೆ ‘ಹಂಗ್’. ಆದರೆ ಎಲ್ಲ ಎಕ್ಸಿಕ್ಯೂಷನ್ನೂ ನೇಣಲ್ಲ: 1950ರ ಸೇನಾ ಕಾಯ್ದೆಯಡಿ ಕೋರ್ಟ್ ಮಾರ್ಷಲ್, ಅಂದರೆ ಸೇನೆಯ ನ್ಯಾಯಾಲಯ, ಗುಂಡಿಕ್ಕಿ ಕೊಲ್ಲುವಂತೆಯೂ ಆದೇಶಿಸಬಹುದು.

ಬಂದೂಕುಧಾರಿಗಳು ಒತ್ತೆಯಾಳುಗಳನ್ನು ಕೊಂದಾಗ ‘ಎಕ್ಸಿಕ್ಯೂಟೆಡ್’ ಎಂದು ಬರೆಯುವ ಚಾಳಿ ಬಿಡಲೇಬೇಕು. ಅಲ್ಲಿ ವಿಚಾರಣೆಯಿಲ್ಲ, ತೀರ್ಪಿಲ್ಲ, ಅದು ಕೊಲೆ. ವಿಶ್ವಸಂಸ್ಥೆಯ ‘ಎಕ್ಸ್‌ಟ್ರಾಜುಡಿಷಿಯಲ್ ಎಕ್ಸಿಕ್ಯೂಷನ್’ ಎಂಬ ಪ್ರಯೋಗವನ್ನು ಅನುವಾದಿಸುವಾಗಲೂ ‘ನ್ಯಾಯಾಂಗದ ಹೊರಗಿನ’ ಎಂಬ ವಿಶೇಷಣವನ್ನು ಉಳಿಸಿಕೊಳ್ಳಿ.